ಸತ್ತ ಪದಗಳ ಹಲಗೆ

ಬಾಚಣಿಗೆ ಸಿಕ್ಕಿನಲ್ಲಿ ಸಿಲುಕಿ ನಿಂತಾಗ ಅವಳ ಬಾಯಿಗೆ ಬಂದದ್ದು 'ಇಂಟ್ರಿಕೇಟ್' ಎಂಬ ಪದ. ಹೋದ ವಾರ ಕಲಿತದ್ದು. ಗೋಜಲಾದದ್ದು, ಬಿಡಿಸಲು ಕಷ್ಟವಾದದ್ದು. ಮುಂದೆ ಸ್ಟೂಲಿನ ಮೇಲೆ ಕೂತಿದ್ದ ಓರಗಿತ್ತಿಯ ಕುತ್ತಿಗೆ ಹಿಂದಕ್ಕೆ ಜಗ್ಗಿ ಬಂದಿತ್ತು, ನರಗಳು ಎದ್ದು ನಿಂತಿದ್ದವು, ತಾನು ನೋಯಿಸುತ್ತಿದ್ದೇನೆ ಎಂಬುದು ಕಣ್ಣಿಗೇ ಕಾಣುತ್ತಿತ್ತು. ಆದರೂ ತಲೆಯೊಳಗೆ ಯಾರೋ ಮಣಿ ಪೋಣಿಸುವವರ ಹಾಗೆ ಆ ಪದವನ್ನು ಎತ್ತಿ ಬೆಳಕಿಗೆ ಹಿಡಿದು, ಚೆನ್ನಾಗಿದೆ ಎಂದು ತೆಗೆದಿಟ್ಟುಕೊಂಡರು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇವತ್ತಾದರೂ ಬಾಯಿ ಮುಚ್ಚಿಕೊಂಡಿರಬಾರದೇ ಎಂದು ತನ್ನ ತಲೆಗೆ ತಾನೇ ಹೇಳಿಕೊಂಡಳು.

"ಮೆಲ್ಲಗೆ ಕಣೇ," ಎಂದಳು ಅಕ್ಕ. "ಕೈಯಂತೂ ಹೀಗಾಯ್ತು. ತಲೆನಾದ್ರೂ ಉಳಿಸು."

ಅಕ್ಕ ಎಂದರೆ ಗಂಡನ ಅಣ್ಣನ ಹೆಂಡತಿ. ಇಬ್ಬರಿಗೂ ಒಂದೇ ಅಡುಗೆಮನೆ, ಒಂದೇ ನಲ್ಲಿ, ದುಡಿಯುವುದೂ ಒಂದೇ ಕಡೆ, ದೊಡ್ಡ ಹೋಟೆಲುಗಳ ಮತ್ತು ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ. ಅಲ್ಲಿಗೆ ಅವಳನ್ನು ಕರೆದುಕೊಂಡು ಹೋಗಿ ಸೇರಿಸಿದ್ದೇ ಅಕ್ಕ. ಅಕ್ಕ ಬಹಳ ಒಳ್ಳೆಯವಳೆಂದು ಹೇಳುವಂತಿರಲಿಲ್ಲ. ಸೋಪು ಬಚ್ಚಿಡುತ್ತಿದ್ದಳು, ಇವರ ಮಾತನ್ನು ಅವರ ಕಿವಿಗೆ ಹಾಕಿ ನಡುವೆ ನಿಂತು ಮಜಾ ನೋಡುತ್ತಿದ್ದಳು, ತನ್ನ ತಟ್ಟೆಗೆ ದೊಡ್ಡ ತುಂಡು ಬೀಳಲಿಲ್ಲವೆಂದರೆ ಇಡೀ ಸಂಜೆ ಮುಖ ಊದಿಸಿಕೊಂಡಿರುತ್ತಿದ್ದಳು. ಅಂಥ ಅಕ್ಕ, ಕೈ ಸುಟ್ಟುಕೊಂಡ ದಿನದಿಂದ ಒಂದು ವಿಷಯದಲ್ಲಿ ಮಾತ್ರ ತುಟಿ ಬಿಚ್ಚಿರಲಿಲ್ಲ. ಆ ಸುಡೋ ದ್ರವಾನ ಮಗ್ಗಿನಲ್ಲಿ ಸುರಿ ಅಂತ ನಿನಗೆ ಹೇಳಿದ್ದು ಯಾರು ಎಂದು ಮನೆಯಲ್ಲಿ ಭಾವ ಕೇಳಿದ್ದ, ಆಸ್ಪತ್ರೆಯಲ್ಲಿ ನರ್ಸು ಕೇಳಿದ್ದಳು, ಪಕ್ಕದ ಹಾಸಿಗೆಯವರು ಕೂಡ ಕೇಳಿದ್ದರು. ಅಕ್ಕ ಎಲ್ಲರಿಗೂ ಒಂದೇ ಮುಖ ಮಾಡಿದ್ದಳು, ನಿದ್ದೆ ಬಂದವರ ಮುಖ. ಬೈದಿದ್ದರೆ, ಬೀದಿಗೆ ಬಂದು ಕೂಗಾಡಿದ್ದರೆ, ಇವಳು ಎದುರು ಮಾತಾಡಿ ಹಗುರಾಗಬಹುದಿತ್ತು. ಈ ಮೌನಕ್ಕೆ ಎದುರು ಮಾತು ಎಲ್ಲಿಂದ ತರುವುದು? ತೊಡೆಯ ಮೇಲಿನ ದಿಂಬಿನಲ್ಲಿ ಬೆರಳಿನಿಂದ ಮೊಣಕೈವರೆಗೆ ಬಟ್ಟೆ ಸುತ್ತಿದ ಬಲಗೈ ಯಾರದೋ ಕೂಸಿನ ಹಾಗೆ ಮಲಗಿತ್ತು. ಅದರಿಂದ ಮುಲಾಮಿನ ವಾಸನೆ ಬರುತ್ತಿತ್ತು, ಅದರಡಿಯಲ್ಲಿ ಇನ್ನೊಂದು ವಾಸನೆಯೂ. ಎರಡನೆಯದನ್ನು ಮನೆಯವರೆಲ್ಲ ಮೂಸದವರ ಹಾಗೆ ನಟಿಸುತ್ತಿದ್ದರು.

ಇವತ್ತು ಕಾರ್ಖಾನೆಯಲ್ಲಿ ಕೈ ಸುಟ್ಟದ್ದರ ವಿಚಾರಣೆ. ಬಟ್ಟೆ ಕಳಿಸುವ ಹೋಟೆಲು ಆಸ್ಪತ್ರೆಗಳ ಪರವಾಗಿ ಹೊರಗಿನಿಂದ ಒಬ್ಬ ಹೆಂಗಸು ಬರುತ್ತಾಳೆ. ಆಕೆಗೆ ಇಂಗ್ಲಿಷ್ ಬಿಟ್ಟು ಬೇರೆ ಬರದು, ಅಕ್ಕನಿಗೆ ಇಂಗ್ಲಿಷ್ ಬರದು, ನಡುವೆ ಕೂತು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಮಾತು ದಾಟಿಸಬೇಕಾದವಳು ಇವಳು. ತಪ್ಪು ಅಕ್ಕನದೇ ಎಂದಾದರೆ ಅಕ್ಕನ ಕೆಲಸ ಹೋಗುತ್ತದೆ, ಕಂಪನಿ ಮಾಡಿಸುತ್ತಿರುವ ಚಿಕಿತ್ಸೆಯೂ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಸಲ ತೊಡೆಯ ಚರ್ಮ ತೆಗೆದು ಕೈಗೆ ಕೂರಿಸದಿದ್ದರೆ ಬೆರಳು ಮಡಚಲು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತಿದ್ದ ಗಂಡ, ತಲೆ ಎತ್ತದೆಯೇ, ನಯವಾಗಿ ಮಾತಾಡು, ಇಬ್ಬರ ಅನ್ನಕ್ಕೂ ಕಲ್ಲು ಹಾಕಿಕೊಳ್ಳಬೇಡ, ಮುಂದಿನ ವಾರ ನಿನಗೆ ಆಫೀಸಿನಲ್ಲಿ ಕಿಟಕಿ ಪಕ್ಕದ ಮೇಜು ಸಿಗುವುದಿದೆ, ನೆನಪಿರಲಿ ಎಂದ. ಭಾವ ಗೋಡೆಗೆ ಮುಖ ಮಾಡಿ ಚಹಾ ಕುಡಿಯುತ್ತಿದ್ದ. ಅವನ ಬೆನ್ನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಅವಳು ಜಡೆಯ ತುದಿಗೆ ರಬ್ಬರು ಹಾಕಿದಳು, ಎರಡು ಸುತ್ತು ಸಾಲದೆಂದು ಮೂರನೆಯದನ್ನೂ ಎಳೆದಳು. ಅಕ್ಕ ಎಡಗೈಯಿಂದ ಜಡೆ ಮುಂದಕ್ಕೆ ತಂದು ನೋಡಿ, ಇವತ್ತು ಮದುಮಗಳ ಹಾಗೆ ಹೆಣೆದಿದ್ದೀಯಲ್ಲ, ಯಾರಿಗೆ ಕೊಡ್ತೀಯ ನನ್ನ ಎಂದಳು. ಭಾವನ ಬೆನ್ನು ಅಲುಗಲಿಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಒಂದೇ. ಅಕ್ಕನನ್ನು ಕೂರಿಸಿ, ಆ ಕೈಗೆ ಯಾರೂ ತಗಲದಂತೆ ತನ್ನ ಮೈಯನ್ನೇ ಅಡ್ಡವಿಟ್ಟು ನಿಂತಳು. ನಿಲ್ಲುವುದು ಅವಳಿಗೆ ಹೊಸದಲ್ಲ. ಶಿಫ್ಟಿನ ಲೀಡರ್ ಆದ ಮೊದಲ ತಿಂಗಳು ಬೆಳಿಗ್ಗೆಯೆಲ್ಲ ನಿಂತೇ ಇದ್ದಳು. ಕಾರ್ಖಾನೆಯ ನಟ್ಟನಡುವೆ ಒಂದು ಗಾಜಿನ ಕೋಣೆಯಿದೆ, ಮೀಟಿಂಗ್ ಕೋಣೆ. ದಿನವೂ ಕೆಲಸ ಶುರುವಾಗುವ ಮುಂಚೆ ಲೀಡರುಗಳೆಲ್ಲ ಅಲ್ಲಿ ವರ್ತುಲವಾಗಿ ಕೂರಬೇಕು. ಕಂಪನಿ ನೇಮಿಸಿದ ತರಬೇತಿಯ ಹುಡುಗಿ, ಹೊಳೆಯುವ ಉಗುರಿನವಳು, ನಗುನಗುತ್ತಲೇ ದಿನಕ್ಕೊಂದು ದೊಡ್ಡ ಇಂಗ್ಲಿಷ್ ಪದ ಕೊಡುತ್ತಾಳೆ. ಎದುರು ಗೋಡೆಗೆ ಬಿಳಿ ಹಲಗೆ. ಅದರ ಮೇಲೆ ಗುಡ್, ಬ್ಯಾಡ್, ಬಿಗ್, ಟೆಲ್, ಹರ್ಟ್, ಪೇನ್, ಬ್ರೋಕನ್. ಪ್ರತಿಯೊಂದರ ಸುತ್ತ ಸಮಾಧಿಯ ಕಲ್ಲಿನ ಚಿತ್ರ. ಇವು ಸತ್ತ ಪದಗಳು ಎಂದು ಹುಡುಗಿ ಮೊದಲ ದಿನವೇ ಹೇಳಿದ್ದಳು. ಮಕ್ಕಳು ಬಳಸುವಂಥವು, ಬೀದಿಯವರು ಬಳಸುವಂಥವು, ನಾಯಕರು ಬಳಸುವುದಿಲ್ಲ. ಈ ಕೋಣೆಯಲ್ಲಿ ಸತ್ತ ಪದ ಬಾಯಿಂದ ಬಿದ್ದರೆ ಆಡಿದವರು ಎದ್ದು ನಿಲ್ಲಬೇಕು. ಅದರ ಜಾಗಕ್ಕೆ ಯೋಗ್ಯವಾದ ಇನ್ನೊಂದನ್ನು ಹುಡುಕಿ ಹೇಳುವ ತನಕ ಕೂರುವಂತಿಲ್ಲ. ಇದು ಶಿಕ್ಷೆಯಲ್ಲ, ಆಟ ಎಂದಿದ್ದಳು. ಆಟ! ಉಳಿದ ಲೀಡರುಗಳೆಲ್ಲ ಕಾಲೇಜು ಮೆಟ್ಟಿಲು ಹತ್ತಿದವರು, ಗಂಡಸರು, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಿದ್ದರು. ಇಸ್ತ್ರಿ ರೋಲರಿನ ಹತ್ತಿರದಿಂದ ಬಡ್ತಿ ಪಡೆದು ಬಂದ ಹೆಂಗಸು ಇವಳೊಬ್ಬಳೇ ಆ ವರ್ತುಲದ ನಡುವೆ ಕಂಬದ ಹಾಗೆ. ಗಾಜಿನ ಆಚೆ ರೋಲರಿಗೆ ಚಾದರ ಕೊಡುತ್ತಿದ್ದ ಹೆಂಗಸರು ಕಣ್ಣೆತ್ತಿ ನೋಡುತ್ತಿದ್ದರು. ಅವರ ಕಣ್ಣು ಅವಳ ಮೊಣಕಾಲಿಗೆ ತಾಗುತ್ತಿತ್ತು. ಒಮ್ಮೆ ಊಟದ ಹೊತ್ತಿನಲ್ಲಿ ಅಕ್ಕ ಎಲ್ಲರೆದುರು ಕೇಳಿಯೇಬಿಟ್ಟಿದ್ದಳು, ಯಾಕೇ ನಿನ್ನ ನಿಲ್ಲಿಸ್ತಾರೆ, ಹೋಮ್‌ವರ್ಕ್ ಮಾಡ್ಲಿಲ್ವಾ ಎಂದು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಸಂಜೆ ಬಚ್ಚಲಲ್ಲಿ ನೀರು ಜೋರಾಗಿ ಬಿಟ್ಟುಕೊಂಡು ಅತ್ತಳು.

ಆಮೇಲೆ ಹಟ ಬಂತು. ಪದಗಳನ್ನು ಬೆನ್ನಟ್ಟಿ ಹಿಡಿಯಲು ಶುರು ಮಾಡಿದಳು. ಚಾದರ ಮಡಿಸುವುದಕ್ಕೆ ಇಬ್ಬರು ಬೇಕು. ಒಂದು ತುದಿ ಅಕ್ಕ, ಒಂದು ತುದಿ ಇವಳು. ದೂರ ನಿಂತು ಜಾಡಿಸಿ, ಹತ್ತಿರ ಬಂದು ಅಂಚಿಗೆ ಅಂಚು ಕೊಟ್ಟು, ಮತ್ತೆ ದೂರ. ಹತ್ತಿರ ಬಂದಾಗೊಮ್ಮೆ ಇವಳು ಆ ದಿನದ ಪದ ಉಸುರುವಳು, ದೂರ ಹೋದಾಗ ಅಕ್ಕ ಅದನ್ನು ವಾಪಸು ಎಸೆಯುವಳು. ಅಕ್ಕನ ಬಾಯಲ್ಲಿ ಅವು ಬೇರೆಯೇ ಆಗಿ, ಯಾವುದೋ ನಾದಿನಿಯ ಅಡ್ಡಹೆಸರಿನ ಹಾಗೆ ಕೇಳುತ್ತಿದ್ದವು. ಮಿಟಿಗೇಟ್ ಅಂದ್ರೇನೇ ಎಂದು ಕೇಳಿದ್ದಳು ಒಂದು ಸಲ. ಕಡಿಮೆ ಮಾಡೋದು ಅಕ್ಕ, ನೋವು, ತೊಂದರೆ, ಅಂಥದ್ದು. ಹಾಗಂತ ಅಂದ್ರೆ ಅವರಿಗೆ ಅರ್ಥ ಆಗಲ್ವಾ? ಆಗುತ್ತೆ, ಆದ್ರೆ ಹಾಗನ್ನಬಾರದು. ಅಕ್ಕ ಚಾದರದ ಅಂಚನ್ನು ಅವಳ ಕೈಗೆ ಕೊಟ್ಟು, ಒಳ್ಳೆ ಮಡಿವಂತರು ಕಣೇ ನಿನ್ನ ಆಫೀಸಿನವರು ಎಂದಿದ್ದಳು. ಹೀಗೆ ಚಾದರದ ಲೆಕ್ಕದಲ್ಲಿ ಪದಗಳು ಸೇರಿದವು. ಅವಳು ನಿಲ್ಲುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಕಾಲೇಜಿನ ಗಂಡಸರು ಎದ್ದು ನಿಂತು ತಡವರಿಸುವಾಗ ಇವಳು ಕೂತಲ್ಲಿಂದಲೇ ಅವರಿಗೆ ಪದ ಎತ್ತಿಕೊಡುವ ಮಟ್ಟಕ್ಕೆ ಬಂದಳು. ರೋಲರಿನ ಹೆಂಗಸರು ಅವಳಿಗೆ 'ಡಿಕ್ಷನರಿ' ಎಂದು ಹೆಸರಿಟ್ಟರು. ಡಿಕ್ಷನರಿ ಬಂದ್ಲು, ಬಾಯಿ ಮುಚ್ಕೊಳ್ರೇ. ತಮಾಷೆಗೇ ಹಾಗೆನ್ನುತ್ತಿದ್ದರು. ಆದರೆ ಯಾವುದೋ ಒಂದು ದಿನ, ಯಾವುದೆಂದು ಅವಳಿಗೆ ಗೊತ್ತಾಗಲಿಲ್ಲ, ಅವರು ನಿಜವಾಗಿಯೂ ಬಾಯಿ ಮುಚ್ಚಿಕೊಳ್ಳತೊಡಗಿದ್ದರು.

ಬಸ್ಸು ಬ್ರೇಕು ಹಾಕಿತು. ಹಿಂದಿನವನ ಮೊಣಕೈ ಬೆನ್ನಿಗೆ ಬಿತ್ತು. ಅಕ್ಕ ಕಣ್ಣು ಮುಚ್ಚಿದ್ದಳು, ಕೆನ್ನೆಯ ಒಂದು ಸ್ನಾಯು ಅದುರುತ್ತಿತ್ತು. ನೋಯ್ತಾ ಇದೆಯಾ ಅಕ್ಕ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಕೇಳಿದರೆ ಇಷ್ಟು ದಿನದ ಮೌನ ಎಲ್ಲಿಂದ ಒಡೆಯುತ್ತದೋ ಎಂಬ ಭಯ. ಆ ದಿನವೂ ಹೀಗೇ, ಕೇಳಬೇಕಾದದ್ದನ್ನು ಕೇಳಿರಲಿಲ್ಲ. ಒಗೆಯುವ ದೊಡ್ಡ ಡ್ರಮ್ಮಿಗೆ ಕಾಸ್ಟಿಕ್ ಹನಿಸುವ ಪಂಪು ಕೆಟ್ಟು ನಿಂತಿತ್ತು. ಬಟ್ಟೆಯ ಕೊಳೆ ಸುಡುವ ದ್ರವ ಅದು, ಮೈಗೆ ಬಿದ್ದರೆ ಮೈಯನ್ನೂ ಸುಡುತ್ತದೆ. ಅದಕ್ಕೇ ಪಂಪು, ಅದಕ್ಕೇ ಕೊಳವೆ. ಹೊರಗೆ ಹೋಟೆಲಿನ ಲಾರಿ ಕಾಯುತ್ತಿತ್ತು. ಅವಳು ಮ್ಯಾನೇಜರಿಗೆ ಫೋನು ಮಾಡಿದಳು. ಕೆಟ್ಟಿದೆ ಎನ್ನಲು ಬಾಯಿ ತೆರೆದವಳು ತಡೆದು, ಒಂದು ಕ್ಷಣ ಹುಡುಕಿ, ಪಂಪು 'ಡಿಸ್‌ಫಂಕ್ಷನಲ್' ಆಗಿದೆ ಸಾರ್ ಎಂದಳು. ಆ ಕಡೆ ಒಂದು ಸಣ್ಣ ನಗು. ಒಳ್ಳೆ ಪದ, ವೆರಿ ಗುಡ್ ಎಂದ ಮ್ಯಾನೇಜರ್. ಗುಡ್ ಎಂದು ಅವನು ಅಂದರೆ ನಿಲ್ಲಬೇಕಾಗಿಲ್ಲ, ಅವನು ಆ ವರ್ತುಲದಲ್ಲಿ ಕೂರುವವನೇ ಅಲ್ಲ. ನಿಲ್ಲಿಸಬೇಡಿ, 'ಇಂಪ್ರೊವೈಸ್' ಎಂದು ಹೇಳಿ ಇಟ್ಟುಬಿಟ್ಟ. ಇಂಪ್ರೊವೈಸ್. ಕೈಗೆ ಸಿಕ್ಕಿದ್ದರಲ್ಲಿ ಏನಾದರೂ ಮಾಡಿ ಕೆಲಸ ಸಾಗಿಸುವುದು. ಎಂಥ ಅಚ್ಚುಕಟ್ಟಾದ ಪದ, ಎಲ್ಲೂ ಒಂದು ಸುಕ್ಕಿಲ್ಲ. ಅದರಲ್ಲಿ ಮಗ್ಗು ಇಲ್ಲ, ಕಾಸ್ಟಿಕ್ ಇಲ್ಲ, ಖಾಲಿಯಾದ ಕೈಗವಸಿನ ಪೆಟ್ಟಿಗೆ ಇಲ್ಲ, ಯಾವ ಹೆಂಗಸಿನ ಕೈಯೂ ಇಲ್ಲ. ಮೇಲಿನಿಂದ ಬಿದ್ದ ಆ ಪದವನ್ನು ಕೆಳಗೆ ಕೈಯಾಗಿ ಮಾಡಬೇಕಾದವಳು ಇವಳು. ಹೊಗಳಿಸಿಕೊಂಡ ಬಿಸಿ ಕೆನ್ನೆಯ ಮೇಲಿರುವಾಗಲೇ ತಿರುಗಿ, ಮಗ್ಗಲ್ಲಿ ಹಾಕ್ಬೇಕಂತೆ ಅಕ್ಕ ಎಂದಳು. ಕೈಗವಸು ಎಂದಳು ಅಕ್ಕ. ಬಂದಿಲ್ಲ ಅಕ್ಕ, ಹುಷಾರಾಗಿ ಹಾಕು ಎಂದಳು.

ಹೇಳಿ ಅಲ್ಲಿ ನಿಂತಳೇ? ನಿಲ್ಲಲಿಲ್ಲ. ಗಾಜಿನ ಕೋಣೆಗೆ ಹೋಗಿ, ಹಲಗೆ ಒರೆಸುತ್ತಿದ್ದ ತರಬೇತಿಯ ಹುಡುಗಿಗೆ, ಸಾರ್ ನನ್ನ ಪದ ಮೆಚ್ಚಿಕೊಂಡರು ಎಂದು ಹೇಳಿಕೊಳ್ಳುತ್ತಿದ್ದಳು. ಹುಡುಗಿ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು. ಆ ಚಪ್ಪಾಳೆಯ ನಡುವೆ, ಗಾಜಿನ ಆಚೆ, ಡ್ರಮ್ಮಿನ ಬಳಿ ಅಕ್ಕ ಬಾಯಿ ತೆರೆದದ್ದು ಕಂಡಿತು. ಅಗಲವಾಗಿ, ಒಳಗಿನ ಹಲ್ಲು ಕಾಣುವಂತೆ. ಸದ್ದಿರಲಿಲ್ಲ. ಆ ಗಾಜು ಯಂತ್ರಗಳ ಸದ್ದು ಒಳಗೆ ಬಾರದಿರಲೆಂದೇ ಹಾಕಿಸಿದ ದಪ್ಪ ಗಾಜು. ಅಕ್ಕ ಯಾರಿಗೋ ತಮಾಷೆ ಮಾಡಿ ನಗುತ್ತಿದ್ದಾಳೆ ಅಂದುಕೊಂಡಳು. ಅವಳೂ ಈ ಕಡೆಯಿಂದ ಸ್ವಲ್ಪ ನಕ್ಕಳು. ಎಷ್ಟು ಹೊತ್ತು ನಕ್ಕಳು? ಆಮೇಲೆ ಎಷ್ಟೋ ಸಲ ಅವಳು ಆ ನಗುವನ್ನು ಅಳೆದಿದ್ದಾಳೆ; ಅಳೆದಷ್ಟೂ ಅದು ಉದ್ದವಾಗಿದೆ.

ಬಸ್ಸಿಳಿದು ಬಂದಾಗ ಗೇಟಿನಲ್ಲಿ ಕಾವಲಿನವನು ಅಕ್ಕನ ಕೈ ನೋಡಿ ತಾನೇ ಹೋಗಿ ಬಾಗಿಲು ಹಿಡಿದ. ರೋಲರಿನ ಹೆಂಗಸರು ಕತ್ತು ಹೊರಳಿಸಿದರು. ಏನಮ್ಮಾ ಮಹಾರಾಣಿ, ಕೂತು ಉಣ್ಣೋದು ಅಭ್ಯಾಸ ಆಯ್ತಾ ಎಂದು ಒಬ್ಬಳು ಅಕ್ಕನಿಗೆ ಕೂಗಿದಳು, ಕೂಗಿದವಳ ಕಣ್ಣು ತುಂಬಿತ್ತು. ಉಣ್ಣೋದಕ್ಕೂ ಇವಳೇ ಬಾಯಿಗಿಡ್ತಾಳೆ, ತೊಳೆಯೋದಕ್ಕೊಬ್ಬರು ಸಿಕ್ಕಿದ್ರೆ ಸಾಕು ಎಂದು ಅಕ್ಕ ತಿರುಗಿ ಕೂಗಿದಳು. ನಗು ಎದ್ದಿತು. ಆ ನಗು ಇವಳ ಹತ್ತಿರ ಬಂದಾಗ ತಣ್ಣಗಾಯಿತು. ಯಾರೂ ಡಿಕ್ಷನರಿ ಎನ್ನಲಿಲ್ಲ.

ಮ್ಯಾನೇಜರ್ ಅವಳನ್ನು ಮೊದಲು ತನ್ನ ಕೋಣೆಗೆ ಕರೆಸಿದ. ಕೂರಿ ಎಂದ. ಕಿಟಕಿಯ ಪಕ್ಕ ಹೊಸ ಮೇಜು ಆಗಲೇ ಬಂದಿತ್ತು, ಪ್ಲಾಸ್ಟಿಕ್ ಹಾಳೆ ಇನ್ನೂ ಬಿಚ್ಚಿರಲಿಲ್ಲ. ಅವನು ಅದರ ಕಡೆ ಬೆರಳು ತೋರಿಸಲಿಲ್ಲ, ಅವಳ ಕಣ್ಣು ಅಲ್ಲಿಗೆ ಹೋಗಿ ಬರುವಷ್ಟು ಹೊತ್ತು ಮಾತ್ರ ಸುಮ್ಮನಿದ್ದ. ಅವನು ಕೂಗಾಡುವ ಮನುಷ್ಯನಲ್ಲ. ನೊಂದವರು ಉದ್ವೇಗದಲ್ಲಿ ಏನೇನೋ ಹೇಳುತ್ತಾರೆ, ಬಂದವರಿಗೆ ಅದನ್ನು ಹಾಗೆಹಾಗೇ ಎತ್ತಿಕೊಟ್ಟರೆ ಕಾರ್ಖಾನೆಗೆ ಬರುವ ಬಟ್ಟೆಯೇ ನಿಲ್ಲಬಹುದು, ಇಷ್ಟು ಹೆಂಗಸರು ಎಲ್ಲಿಗೆ ಹೋಗಬೇಕು ಎಂದು ನಿಧಾನವಾಗಿ ಹೇಳಿದ. ಅದಕ್ಕೇ ಹೊರಗಿನ ಭಾಷಾಂತರದವರನ್ನು ಕರೆಸದೆ ನಿಮ್ಮನ್ನು ಕೂರಿಸಿದ್ದೇನೆ ಎಂದ. ನಿಮ್ಮ ಪದಗಳ ಮೇಲೆ ನನಗೆ ನಂಬಿಕೆಯಿದೆ ಎಂದ. ಅವಳು ತಲೆಯಾಡಿಸಿದಳು. ತಲೆ ತಾನಾಗಿ ಆಡಿತು. ಬಾಗಿಲವರೆಗೆ ಹೋದವಳನ್ನು ಅವನು ಮತ್ತೆ ನಿಲ್ಲಿಸಿದ.

"ಇನ್ನೊಂದು ಮಾತು. ಮಗ್ಗು ಅನ್ನೋ ಪದ ನನ್ನ ಬಾಯಿಂದ ಬಂದೇ ಇಲ್ಲ. ನಿಮಗೂ ಅದು ನೆನಪಿರುತ್ತೆ ಅಂದ್ಕೋತೀನಿ."

ನಿಜ. ಬಂದಿರಲಿಲ್ಲ. ಅವನ ಬಾಯಿ ಎಷ್ಟು ಸ್ವಚ್ಛ! ಹೊರಗೆ ಬಂದು ಕಾರಿಡಾರಿನ ಗೋಡೆಗೆ ಅಂಗೈ ಒತ್ತಿ ನಿಂತಳು. ಗೋಡೆಯ ಆಚೆ ಡ್ರಮ್ಮು ತಿರುಗುವ ಕಂಪನ ಅಂಗೈಗೆ ಬರುತ್ತಿತ್ತು. ಅವನ ಪದವನ್ನು ಎಲ್ಲಿ ಹಿಡಿದರೂ ಜಾರುತ್ತದೆ, ಇವಳ ಮಾತಿಗೆ ಮಾತ್ರ ಹಿಡಿಯಿದೆ, ಮಗ್ಗಿಗಿರುವ ಹಾಗೆ. ಯಾರು ಬೇಕಾದರೂ ಹಿಡಿದು ಎತ್ತಬಹುದು. ಇದಕ್ಕೇ ಏನು ದಿನದಿನವೂ ನಿಲ್ಲಿಸಿ ಕಲಿಸಿದ್ದು? ಮೇಲಿನವರ ಪದಗಳಲ್ಲಿ ಯಾರೂ ಯಾರಿಗೂ ಏನನ್ನೂ ಮಾಡುವುದಿಲ್ಲ. ಎಲ್ಲವೂ ತಾನಾಗಿ ಆಗುತ್ತದೆ. ಸಂಬಳ 'ಪರಿಷ್ಕೃತ'ವಾಗುತ್ತದೆ, ಜನ 'ಬಿಡುಗಡೆ'ಯಾಗುತ್ತಾರೆ, ಕೈ 'ಸಂಪರ್ಕಕ್ಕೆ ಬರುತ್ತದೆ'. ಆ ಪದಗಳನ್ನು ಅವಳು ಸಿಹಿತಿಂಡಿಯಂತೆ ಒಂದೊಂದಾಗಿ ಬಾಯಿಗೆ ಹಾಕಿಕೊಂಡಿದ್ದಳು. ಈಗ ಹೊಟ್ಟೆಯೊಳಗೆ ಅವೆಲ್ಲ ಕಲ್ಲಾಗಿ ಕೂತಂತಿತ್ತು. ಆದರೂ, ಆದರೂ ಆ ಮೇಜು. ಕಿಟಕಿಯಿಂದ ಬೆಳಕು ಬೀಳುತ್ತಿತ್ತು ಅದರ ಮೇಲೆ. ಆಸ್ಪತ್ರೆಯ ಹಾಸಿಗೆ ಬಟ್ಟೆಯಲ್ಲಿ ಸೂಜಿ ಸಿಕ್ಕೀತೆಂದು ಹೆದರಿ ಹೆದರಿ ಕೈ ಹಾಕುವ ಕೆಲಸದಿಂದ ಆ ಮೇಜಿನವರೆಗೆ ಅವಳು ಪದದ ಮೇಲೆ ಪದ ಇಟ್ಟು ಹತ್ತಿಬಂದಿದ್ದಳು. ಇಳಿಯುವುದು ಎಂದರೆ ಸುಲಭವೇ?

ವಿಚಾರಣೆ ಗಾಜಿನ ಕೋಣೆಯಲ್ಲೇ. ಬಂದ ಹೆಂಗಸು ನರೆತ ಗಿಡ್ಡ ಕೂದಲಿನವಳು, ಪ್ರಯಾಣದಿಂದ ಕಣ್ಣು ಊದಿತ್ತು, ಮೂಗಿನ ತುದಿಗೆ ಕನ್ನಡಕ ಇಳಿಬಿಟ್ಟಿದ್ದಳು. ಒಂದು ಬದಿಗೆ ಆಕೆ, ಎದುರು ಅಕ್ಕ, ಅಕ್ಕನ ಪಕ್ಕ ಇವಳು, ಮೇಜಿನ ತುದಿಗೆ ಮ್ಯಾನೇಜರ್. ಆಕೆಯ ಬೆನ್ನ ಹಿಂದೆ ಬಿಳಿ ಹಲಗೆ. ತರಬೇತಿಯ ಹುಡುಗಿ ಅದನ್ನು ಒರೆಸಲು ಮರೆತಿದ್ದಳೋ, ಬೇಕೆಂದೇ ಬಿಟ್ಟಿದ್ದಳೋ, ಆ ಸಮಾಧಿಗಳೆಲ್ಲ ಸಾಲಾಗಿ ಇವಳ ಕಣ್ಣಿಗೇ ನೇರ ಇದ್ದವು. ಗಾಜಿನ ಆಚೆ ರೋಲರು ತಿರುಗುತ್ತಿತ್ತು. ಹೆಂಗಸರ ತುಟಿಗಳು ಆಡುತ್ತಿದ್ದವು, ಒಳಗೆ ಒಂದಕ್ಷರ ಕೇಳದು.

ಏನಾಯಿತು ಎಂದು ಆಕೆ ಕೇಳಿದಳು. ಇವಳು ಅದನ್ನು ಅಕ್ಕನಿಗೆ ದಾಟಿಸಿದಳು. ಅಕ್ಕ ಗಂಟಲು ಸರಿಮಾಡಿಕೊಂಡು, ನೋಡಮ್ಮಾ ಎಂದು ನೇರವಾಗಿ ಆ ಹೆಂಗಸಿಗೇ ಹೇಳಲು ಶುರು ಮಾಡಿದಳು, ಅರ್ಥವಾಗುತ್ತದೋ ಇಲ್ಲವೋ ಎಂಬ ಗೊಡವೆಯಿಲ್ಲದೆ. ಮಗ್ಗು ಎತ್ತಿದ್ದು, ಒಳಗಿನ ಬಿಸಿ ನೀರು ಉಕ್ಕಿ ಎಲ್ಲ ವಾಪಸು ಎರಚಿದ್ದು, ಬೆಂಕಿ ಸುರಿದ ಹಾಗಾದದ್ದು, ಚರ್ಮ ಕೈಗವಸಿನ ಹಾಗೆ ಸುಲಿದು ಬಂದದ್ದು, ಕೊರಳು ಹರಿಯುವ ಹಾಗೆ ಚೀರಿಕೊಂಡದ್ದು, ಯಂತ್ರದ ಸದ್ದಿಗೆ ಯಾರಿಗೂ ಕೇಳದೆ ಹೋದದ್ದು. ಉದ್ದವಾಗಿ ಹೇಳಿದಳು. ಎಡಗೈಯಿಂದ ಮಾಡಿ ತೋರಿಸಿದಳು. ಹೇಳಿ ಮುಗಿಸಿ ಇವಳ ಕಡೆ ನೋಡಿದಳು. ಇವಳು ಬಾಯಿ ತೆರೆದಳು. ತೆರೆದೊಡನೆ ಪದಗಳು ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ ಒಂದರ ಮೇಲೊಂದು ತಾವಾಗಿ ಬಂದವು. ಆಲ್ಕಲೈನ್ ದ್ರವದೊಂದಿಗೆ ಸಂಪರ್ಕ ಉಂಟಾಯಿತು. 'ಕನ್ಸಿಡರಬಲ್ ಡಿಸ್ಕಂಫರ್ಟ್', ಗಣನೀಯ ಅಸೌಖ್ಯ, ಅನುಭವಕ್ಕೆ ಬಂತು. ಪರಿಸರದ ಶಬ್ದದ ಕಾರಣ ನೆರವು ವಿಳಂಬವಾಯಿತು. ಅವಳು ಸುಳ್ಳು ಹೇಳಲು ಹೊರಟಿರಲಿಲ್ಲ. ಅದೇ ಭಯಂಕರವಾದದ್ದು. ನೋವು ಎನ್ನುವಲ್ಲಿಗೆ ಬಂದಾಗ ಕಣ್ಣು ಹಲಗೆಯ ಮೇಲಿನ ಸಮಾಧಿಗೆ ತಾಗಿ, ನಾಲಿಗೆ ತಾನಾಗಿ ಪಕ್ಕಕ್ಕೆ ಸರಿದು, ಯೋಗ್ಯವಾದ ಇನ್ನೊಂದನ್ನು ಎತ್ತಿಕೊಂಡಿತ್ತು. ಹೆಂಗಸು ಒಂದು ಸಾಲು ಬರೆದುಕೊಂಡಳು. ಒಂದೇ ಸಾಲು. ಕನ್ನಡಕದ ಮೇಲಿನಿಂದ ಆ ಬಟ್ಟೆ ಸುತ್ತಿದ ಕೈ ನೋಡಿದಳು, ಬರೆದದ್ದನ್ನು ನೋಡಿದಳು, ಎರಡೂ ಒಂದಕ್ಕೊಂದು ಹೊಂದದೆ ಪೆನ್ನಿನಿಂದ ಮೇಜು ತಟ್ಟಿದಳು.

"ನಾನು ಅಷ್ಟೊಂದು ಹೇಳ್ದೆ," ಎಂದಳು ಅಕ್ಕ ಮೆಲ್ಲಗೆ. "ನೀನು ಇಷ್ಟರಲ್ಲೇ ಮುಗಿಸ್ಬಿಟ್ಯಲ್ಲ?"

"ಅದರಲ್ಲಿ ಎಲ್ಲಾ ಬಂತು ಅಕ್ಕ."

"ಕಿರುಚಿದ್ದೂ ಬಂತಾ?"

ಮ್ಯಾನೇಜರ್ ನೀರಿನ ಲೋಟವನ್ನು ಸ್ವಲ್ಪ ಅಕ್ಕನ ಕಡೆ ಸರಿಸಿದ, ಬಹಳ ಸೌಜನ್ಯದಿಂದ, ಬಲಗಡೆಗೆ. ಅಕ್ಕ ಅದನ್ನು ಎಡಗೈ ಚಾಚಿ ತೆಗೆದುಕೊಳ್ಳುವಾಗ ನೀರು ತುಳುಕಿತು. ಆಗ ಆ ಹೆಂಗಸು, ದ್ರವವನ್ನು ಕೈಯಿಂದ ಹಾಕಲು ನಿನಗೆ ಹೇಳಿದವರು ಯಾರು ಎಂದು ಕೇಳಿದಳು. ಇವಳು ಆ ಪ್ರಶ್ನೆಯನ್ನು ಅಕ್ಕನಿಗೆ ದಾಟಿಸಬೇಕಿತ್ತು. ಗಂಡ, ಭಾವನ ಬೆನ್ನು, ಪ್ಲಾಸ್ಟಿಕ್ ಹಾಳೆಯೊಳಗಿನ ಮೇಜು, ಬೆಳಿಗ್ಗೆ ಮೂರು ಸುತ್ತು ಹಾಕಿದ ರಬ್ಬರು. ಯಾರು ಹೇಳಿದ್ದು ಅಂತ ಕೇಳ್ತಿದ್ದಾರೆ ಅಕ್ಕ ಎಂದಳು, ಅಕ್ಕನ ಮುಖ ನೋಡದೆ, ಅವಳ ಜಡೆಯ ತುದಿ ನೋಡುತ್ತ. ಅಕ್ಕ ಲೋಟ ಕೆಳಗಿಟ್ಟಳು.

"ಯಾರೂ ಹೇಳ್ಲಿಲ್ಲ ಅಂತ ಹೇಳು. ನಾನೇ ಹಾಕ್ದೆ. ನನ್ನ ದುಡುಕು ಅಂತ ಹೇಳು."

ಮ್ಯಾನೇಜರಿಗೆ ಅವರಿಬ್ಬರ ಭಾಷೆ ಬರುತ್ತದಲ್ಲ; ಅವನ ಭುಜ ಇಳಿದದ್ದು, ಕುರ್ಚಿಯ ಬೆನ್ನಿಗೆ ಅವನ ಬೆನ್ನು ತಾಗಿದ್ದು ಅವಳಿಗೆ ನೋಡದೆಯೇ ಗೊತ್ತಾಯಿತು. ಹೆಂಗಸು ಪೆನ್ನು ಹಿಡಿದು ಕಾಯುತ್ತಿದ್ದಳು. ಇನ್ನೇನು ಬೇಕು? ದಾಟಿಸುವುದಷ್ಟೇ ತನ್ನ ಕೆಲಸ. ಅಕ್ಕನೇ ಕೊಟ್ಟದ್ದು, ಅಕ್ಕನೇ ಎಡಗೈಯಿಂದ ಎತ್ತಿಕೊಟ್ಟದ್ದು. ಪದ ಕೂಡ ಆಗಲೇ ಬಂದು ತುದಿನಾಲಿಗೆಯ ಮೇಲೆ ಕೂತಿತ್ತು, 'ಇನಡ್ವರ್ಟೆಂಟ್', ಗಮನವಿಲ್ಲದೆ ಆದದ್ದು. ಎಷ್ಟು ಮೃದುವಾದ ಪದ, ಅಕ್ಕನ ಮೇಲೂ ಮೆತ್ತಗೆ ಬೀಳುತ್ತದೆ, ಚಾದರ ಹೊದಿಸಿದ ಹಾಗೆ. ಹೆಣದ ಮೇಲೆ ಹೊದಿಸುವುದೂ ಚಾದರವನ್ನೇ. ಅವಳು ತಲೆ ಎತ್ತಿದಳು. ಗಾಜಿನ ಆಚೆ ಇಬ್ಬರು ಹೆಂಗಸರು ಒಂದು ಚಾದರ ಹಿಡಿದು ದೂರ ನಿಂತಿದ್ದರು, ಹತ್ತಿರ ಬರುವುದನ್ನು ಮರೆತು ಒಳಗೇ ನೋಡುತ್ತಿದ್ದರು. ಅದರಲ್ಲಿ ಒಬ್ಬಳ ಬಾಯಿ ತೆರೆದಿತ್ತು. ಏನೋ ಹೇಳುತ್ತಿದ್ದಳೋ, ಆಕಳಿಸುತ್ತಿದ್ದಳೋ, ಯಾರಿಗೋ ನಗುತ್ತಿದ್ದಳೋ. ಸದ್ದಿಲ್ಲದ ಆ ಬಾಯಿ ಅವಳ ಹೊಟ್ಟೆಯೊಳಗೆ ಹೋಗಿ ತೆರೆಯಿತು.

"ನೋ," ಎಂದಳು. ಸ್ವರ ತನ್ನದಲ್ಲದ ಹಾಗೆ ಒರಟಾಗಿತ್ತು. "ಐ ಟೋಲ್ಡ್ ಹರ್."

ಹೆಂಗಸಿನ ಪೆನ್ನು ನಿಂತಿತು. ಮ್ಯಾನೇಜರ್ ಮುಂದಕ್ಕೆ ಬಾಗಿದ. ಪಂಪ್ ಬ್ರೋಕನ್, ಎಂದಳು ಅವಳು. ಹಿ ಟೋಲ್ಡ್ ಮಿ, ಡೋಂಟ್ ಸ್ಟಾಪ್. ಐ ಟೋಲ್ಡ್ ಹರ್. ನೋ ಗ್ಲವ್ಸ್. ಶಾಲೆಯಲ್ಲಿ ಸ್ಲೇಟು ಹಿಡಿದ ಮಗುವಿನ ಇಂಗ್ಲಿಷು, ಒಂದೊಂದೇ ಇಟ್ಟಿಗೆ ಎತ್ತಿಟ್ಟ ಹಾಗೆ. ನಡುವೆ ಒಮ್ಮೆ ದೊಡ್ಡ ಪದವೊಂದು ಒಗೆದ ಬಟ್ಟೆಯ ಘಮದೊಂದಿಗೆ ಬಂದು ಬಾಗಿಲಲ್ಲಿ ನಿಂತಿತು. ಅವಳು ಅದನ್ನು ಒಳಗೆ ಬಿಡಲಿಲ್ಲ. ಪೇನ್, ಎಂದಳು. ಬಿಗ್ ಪೇನ್. ಶಿ ಸ್ಕ್ರೀಮ್ಡ್. ಐ ಸಾ. ಐ ಲಾಫ್ಡ್. ಕೊನೆಯದನ್ನು ಯಾರೂ ಕೇಳಿರಲಿಲ್ಲ. ಅದು ಬಂದೇಬಿಟ್ಟಿತು. ಹೆಂಗಸು ಬರೆಯುತ್ತಿದ್ದಳು, ಈಗ ನಿಲ್ಲದೆ, ಒಂದು ಹಾಳೆ ತುಂಬಿ ಇನ್ನೊಂದಕ್ಕೆ ಹೋಗಿದ್ದಳು. ಹಲಗೆಯ ಮೇಲಿನ ಹೆಸರುಗಳು ಒಂದಾದಮೇಲೊಂದು ತನ್ನ ಬಾಯಿಂದ ಎದ್ದು ಬರುತ್ತಿರುವುದನ್ನು ಅವಳು ನೋಡುತ್ತಿದ್ದಳು, ಮತ್ತು ತಾನು ನೋಡುತ್ತಿರುವ ಎತ್ತರ ಬದಲಾಗಿದೆ ಎಂಬುದು ಗಮನಕ್ಕೆ ಬಂತು. ಹೆಂಗಸಿನ ನೆತ್ತಿ ಕಾಣುತ್ತಿತ್ತು. ಮ್ಯಾನೇಜರನ ಕೂದಲು ನಡುವೆ ತೆಳ್ಳಗಾಗಿರುವುದು ಕಾಣುತ್ತಿತ್ತು. ಅವಳು ಎದ್ದು ನಿಂತುಬಿಟ್ಟಿದ್ದಳು. ಯಾವಾಗ ಎಂದು ಗೊತ್ತಿಲ್ಲ. ಮೊದಲ ಸತ್ತ ಪದಕ್ಕೇ ಮೊಣಕಾಲುಗಳು ತಮ್ಮ ಅಭ್ಯಾಸದಂತೆ ಅವಳನ್ನು ಎಬ್ಬಿಸಿರಬೇಕು.

ಮ್ಯಾನೇಜರ್ ಅಂಗೈ ಕೆಳಮುಖ ಮಾಡಿ, ಕೂತ್ಕೊಳ್ಳಿ, ಕೂತ್ಕೊಂಡು ಮಾತಾಡಿ ಎಂದ. ಅವನ ದನಿಯಲ್ಲಿ ಮೊದಲ ಸಲ ಒಂದು ಸುಕ್ಕು. ಫೋನಿನಲ್ಲಿ ತಾನು ಹೇಳಿದ್ದೇ ಬೇರೆ ಎಂದು ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳತೊಡಗಿದ, ಉದ್ದುದ್ದದ, ನುಣ್ಣನೆಯ ವಾಕ್ಯಗಳು. ಆಕೆ ಎಡಗೈ ಎತ್ತಿ ಅವನನ್ನು ತಡೆದಳು. ಅಕ್ಕನಿಗೆ ಇದಾವುದೂ ತಿಳಿದಿರಲಿಲ್ಲ. ತನ್ನ ಮಾತು ಚಿಕ್ಕದಿತ್ತು, ಇವಳು ಯಾಕೆ ಇಷ್ಟು ಹೊತ್ತು ಮಾತಾಡಿದಳು, ಯಾಕೆ ಕೆನ್ನೆ ಒದ್ದೆಯಾಗಿದೆ ಎಂದು ಮುಖದಿಂದ ಮುಖಕ್ಕೆ ನೋಡುತ್ತಿದ್ದಳು. ನಿಂತವಳ ಸೆರಗಿನ ಅಂಚನ್ನು ಎಡಗೈ ಬೆರಳಿನಿಂದ ಜಗ್ಗಿದಳು.

"ಯಾಕೇ? ಮತ್ತೆ ನಿಲ್ಲಿಸಿದ್ರಾ?"

"ಇಲ್ಲ ಅಕ್ಕ," ಎಂದಳು. "ನಾನೇ ನಿಂತೆ."

ಹೆಂಗಸು ಹಾಳೆಗಳನ್ನು ಹಿಂದಕ್ಕೆ ತಿರುವಿ, ಮೊದಲು ಬರೆದಿದ್ದ ಸಾಲನ್ನು ಹೊಡೆದುಹಾಕಿ, ಮೊದಲಿನಿಂದ ಹೇಳಲು ಅವಳಿಗೆ ಹೇಳು, ಅವಳು ಹೇಳಿದ ಹಾಗೇ ನನಗೆ ಹೇಳು ಎಂದಳು. ಗಾಜಿನ ಆಚೆ ಚಾದರ ಇನ್ನೂ ಇಬ್ಬರ ನಡುವೆ ಹರವಿಕೊಂಡೇ ಇತ್ತು. ಉಳಿದವರೂ ರೋಲರು ಬಿಟ್ಟು ಹತ್ತಿರ ಬಂದಿದ್ದರು. ಮುಂದಿನ ವಾರ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು; ಆ ಮೇಜಿನ ಪ್ಲಾಸ್ಟಿಕ್ ಹಾಳೆಯನ್ನು ಬಿಚ್ಚುವವರು ಬೇರೆ ಯಾರೋ. ಮೇಜಿಗೆ ಕೈ ಊರಬಹುದಿತ್ತು, ಊರಲಿಲ್ಲ.

"ಮೊದಲಿಂದ ಹೇಳಕ್ಕ," ಎಂದಳು. "ಕಿರುಚಿದ್ದೂ ಹೇಳು."